ತೊಂಬತ್ತು ದಿನ ಯಾರೂ ಕೇಳದ ಹೆಸರು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನಾನು ಕುಂಬಾರಕೊಪ್ಪಲಿನ ನಮ್ಮ ಆಫೀಸಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಬಳಿ, ನನ್ನ ಪಾಲುದಾರನ ಕುರ್ಚಿಯ ಬೆನ್ನಿಗೆ ಎಡಗೈ ಊರಿಕೊಂಡು ನಿಂತಿದ್ದೆ. ಗಂಟೆಯನ್ನು ನೆನಪಿನಿಂದ ಹೇಳುತ್ತಿಲ್ಲ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಅದು ಇತ್ತು, ಆಮೇಲೆ ದಾಖಲೆ ತೆಗೆದೂ ನೋಡಿದೆ. ಮೂರು ನಿಮಿಷದ ಹಿಂದೆ ನಾನೇ ಟೈಪ್ ಮಾಡಿ ಸೇರಿಸಿದ್ದ ಒಂದು ಸಾಲು ಆ ಪರದೆಯಿಂದ ಹೋಯಿತು. ಯಾರೂ ಏನೂ ಮುಟ್ಟಿರಲಿಲ್ಲ. ಪಾಲುದಾರನ ಎರಡು ಕೈಯೂ ಅವನ ತೊಡೆಯ ಮೇಲಿದ್ದವು. ನನ್ನ ಬಲಗೈಯಲ್ಲಿ ಫೋನ್ ಇತ್ತು. ಅದರಲ್ಲಿ ಒಬ್ಬ ಹೆಣ್ಣುಮಗಳು, "ಸಾರ್, ಲೈನಲ್ಲಿದೀರಾ? ಸಾರ್?" ಎಂದು ಕೇಳುತ್ತಲೇ ಇದ್ದರು.

ಆ ಸಾಲು ಯಾವುದು ಎಂದು ಮೊದಲು ಹೇಳಬೇಕು.

ನಮ್ಮದು ಸಣ್ಣ ಕೆಲಸ. ಛತ್ರ, ಸೀರೆ ಅಂಗಡಿ, ಟ್ಯೂಷನ್ ಸೆಂಟರ್, ಗೋಕುಲಂನ ಯೋಗಶಾಲೆ, ಇಂಥವರಿಗೆ ವೆಬ್‌ಸೈಟ್ ಮಾಡಿಕೊಟ್ಟು, ಆಮೇಲೂ ಅದನ್ನು ನೋಡಿಕೊಳ್ಳುತ್ತೇವೆ. ಪ್ರತಿ ಸೈಟಿಗೂ ಒಂದು ಹೆಸರಿರುತ್ತದೆ, ಅದು ಡೊಮೈನ್. ಆ ಹೆಸರನ್ನು ಯಾರಾದರೂ ಒತ್ತಿದಾಗ ಅವರನ್ನು ಯಾವ ಯಂತ್ರದ ಕಡೆ ಕಳಿಸಬೇಕು, ಆ ಹೆಸರಿಗೆ ಬಂದ ಮೇಲ್ ಎಲ್ಲಿಗೆ ಹೋಗಬೇಕು ಎಂದು ತಿಳಿಸುವ ಸಾಲುಗಳು ಬೇರೆಯೇ ಒಂದು ಕಡೆ ಇರುತ್ತವೆ. ಅವನ್ನು ಡಿಎನ್‌ಎಸ್ ರೆಕಾರ್ಡ್ ಎನ್ನುತ್ತಾರೆ. ಸಾಲು ಅಳಿಸಿದರೆ ಸೈಟೇನೂ ಹಾಳಾಗುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ಅಲ್ಲಿಗೆ ಹೋಗುವುದು ಹೇಗೆ ಎಂದು ಮಾತ್ರ ಜಗತ್ತಿಗೆ ತಿಳಿಯದೆ ಹೋಗುತ್ತದೆ.

ನಾನೂ ನನ್ನ ಪಾಲುದಾರನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಹನ್ನೆರಡು ವರ್ಷ ಈ ಸಾಲುಗಳನ್ನು ಇಬ್ಬರೂ ಕೈಯಿಂದಲೇ ಹಾಕಿದೆವು, ತೆಗೆದೆವು. ಅವನು ಹಾಕಿದ್ದು ನನಗೆ ಗೊತ್ತಿಲ್ಲ, ನಾನು ತೆಗೆದದ್ದು ಅವನಿಗೆ ಗೊತ್ತಿಲ್ಲ. ಮುಚ್ಚಿಹೋದ ಹೋಟೆಲಿನ ಹೆಸರು, ಯಾರದೋ ಮದುವೆಗೆಂದು ಮಾಡಿಕೊಟ್ಟ ಪುಟ, ಪರೀಕ್ಷೆಗೆಂದು ಹಾಕಿ ಮರೆತ ಸಾಲು, ಎಲ್ಲ ಸೇರಿ ರಾಶಿಯಾಗಿತ್ತು. ಒಂದು ಸಲ ಗೋಕುಲಂನ ಯೋಗಶಾಲೆಯ ಮೇಲ್ ಸಾಲನ್ನು ಬೆಳಿಗ್ಗೆ ನಾನು ಬದಲಿಸಿದೆ. ಅದು ತಪ್ಪಾಗಿದೆಯೆಂದುಕೊಂಡು ಮಧ್ಯಾಹ್ನ ಅವನು ಮತ್ತೆ ಹಳೆಯದನ್ನೇ ಹಾಕಿದ. ನಾಲ್ಕು ದಿನ ಆ ಶಾಲೆಗೆ ಒಂದು ಮೇಲೂ ಬರಲಿಲ್ಲ. ಅಲ್ಲಿನ ಮ್ಯಾನೇಜರ್ ನಮ್ಮಿಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡಿದರು.

ಅದಾದ ಮೇಲೆ ನಾವು ಎಐ ಏಜೆಂಟ್ ಇಟ್ಟುಕೊಂಡೆವು. ಏಜೆಂಟ್ ಎಂದರೆ ಒಂದು ಪ್ರೋಗ್ರಾಮ್. ಮಾತಿನಲ್ಲಿ ಕೆಲಸ ಹೇಳಿದರೆ ಅದನ್ನು ತಾನೇ ಬಿಡಿಸಿಕೊಂಡು, ನಾವು ಕೊಟ್ಟ ಕೀಲಿಯನ್ನು ಬಳಸಿ ಮಾಡಿ ಮುಗಿಸುತ್ತದೆ. ನಾವು ಕೊಟ್ಟದ್ದು ಎಲ್ಲ ಡೊಮೈನುಗಳನ್ನೂ ತೆರೆಯುವ ಒಂದೇ ಕೀಲಿ. ಅದರಿಂದ ಸೇರಿಸಲೂಬಹುದು, ಅಳಿಸಲೂಬಹುದು. ಅದು ಓಡುತ್ತಿದ್ದದ್ದು ನಮ್ಮ ಆಫೀಸಿನಲ್ಲಲ್ಲ, ಬಾಡಿಗೆಗೆ ಹಿಡಿದ ಎಲ್ಲೋ ದೂರದ ಒಂದು ಯಂತ್ರದಲ್ಲಿ. ಪಾಲುದಾರ ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟ.

"ಗುಮಾಸ್ತ್ರು ಬಂದ್ರಾ?" ಎಂದು ಕೇಳುತ್ತಲೇ ಬೆಳಿಗ್ಗೆ ಒಳಗೆ ಬರುತ್ತಿದ್ದ.

"ಅವ್ರು ಹೋಗಿದ್ದು ಯಾವಾಗ, ಬರೋಕೆ?"

"ಅದೇ ಕಣೋ. ಟೀ ಬೇಡ, ರಜ ಬೇಡ, ಸೊಸೈಟಿ ಎಲೆಕ್ಷನ್ ಅಂತ ಎದ್ದು ಹೋಗಲ್ಲ. ನಿನ್ ಥರ ಅಲ್ಲ."

"ನಿನ್ ಥರ ಮೇಲ್ ಸಾಲು ತಿರುಗ್ಸಿ ಹಾಕೋದೂ ಇಲ್ಲ ಬುಡು."

ಅದಕ್ಕೆ ನಿಯಮ ಬರೆದುಕೊಟ್ಟವನು ನಾನು. ಕನ್ನಡದಲ್ಲೇ ಬರೆದೆ, ಅದಕ್ಕೆ ಅರ್ಥವಾಗುತ್ತಿತ್ತು. ಬಹಳ ನಿಯಮಗಳಿದ್ದವು, ಇಲ್ಲಿ ಬೇಕಾದವು ಎರಡೇ. ಮೊದಲನೆಯದು: ನಾವಿಬ್ಬರೂ ಒಪ್ಪಿಕೊಂಡ ಸಾಲುಗಳ ಪಟ್ಟಿಯಲ್ಲಿ ಇರುವುದೇ ಸರಿ, ಅದಕ್ಕೆ ಹೊರತಾಗಿ ಯಾರಾದರೂ ಕೈಯಿಂದ ಬದಲಿಸಿದ್ದು ಕಂಡರೆ ಪಟ್ಟಿಯಲ್ಲಿದ್ದಂತೆ ಮಾಡು. ಯೋಗಶಾಲೆಯ ಬಾಗಿಲಲ್ಲಿ ನಿಂತದ್ದನ್ನು ನೆನೆದು ಅದನ್ನು ಬರೆದೆ. ಎರಡನೆಯದು: ಯಾವ ಹೆಸರನ್ನು ತೊಂಬತ್ತು ದಿನ ಜಗತ್ತಿನಲ್ಲಿ ಯಾರೂ ಕೇಳಿಲ್ಲವೋ ಅದು ಸತ್ತ ಹೆಸರು, ಅಂಥವನ್ನು ಪಟ್ಟಿ ಮಾಡಿ ನನಗೆ ಕಳಿಸು, ನಾನು ಒಪ್ಪಿದ ಮೇಲೆ ಆ ಸಾಲನ್ನೂ ತೆಗೆ, ಒಪ್ಪಿಕೊಂಡ ಪಟ್ಟಿಯಿಂದಲೂ ತೆಗೆದುಹಾಕು. ಯಾವ ಹೆಸರನ್ನು ಎಷ್ಟು ಜನ ಕೇಳಿದರು ಎಂಬ ಲೆಕ್ಕ ಅದಕ್ಕೆ ಸಿಗುತ್ತಿತ್ತು. ಎರಡೂ ನಿಯಮ ಆಗ ನನಗೆ ಬುದ್ಧಿವಂತಿಕೆಯಾಗಿಯೇ ಕಂಡವು. ಪಾಲುದಾರ ಓದಿ, "ಚೆನ್ನಾಗಿ ಬರ್ದಿದೀಯ, ಬುಡು," ಎಂದ.

ಇನ್ನು ಮೇಡಂ ವಿಷಯ. ನಮ್ಮ ಆಫೀಸಿನಿಂದ ಎರಡು ಬೀದಿ ಆಚೆ ಒಬ್ಬ ನಿವೃತ್ತ ಅಧ್ಯಾಪಕಿ ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಅವರ ತಂಗಿ ಹೆರಿಗೆಯಲ್ಲಿ ರಕ್ತ ಸಿಗದೆ ತೀರಿಕೊಂಡಳು. ಅವಳದು ಬಾಂಬೆ ಬ್ಲಡ್ ಗ್ರೂಪ್ ಎಂದು ಕರೆಯುವ ಅಪರೂಪದ ಗುಂಪು. ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆಯಂತೆ, ಆದರೆ ಓ ರಕ್ತ ಕೊಟ್ಟರೂ ಮೈ ಒಪ್ಪುವುದಿಲ್ಲ. ಅದೇ ಗುಂಪಿನವರೇ ಕೊಡಬೇಕು. ಮೇಡಂ ವರ್ಷಗಟ್ಟಲೆ ಅಲೆದು ಮೈಸೂರಿನ ಸುತ್ತ ಆ ಗುಂಪಿನ ಏಳು ಜನರನ್ನು ಹುಡುಕಿದ್ದರು. ಮೊದಲು ನೋಟ್‌ಬುಕ್ಕಿನಲ್ಲಿ ಇತ್ತು. ಯಾರದೋ ಕೈಗೆ ಸಿಕ್ಕಿ ಅದರಲ್ಲಿದ್ದ ಒಬ್ಬ ಹುಡುಗಿಗೆ ಪೋಲಿ ಫೋನುಗಳು ಬಂದದ್ದರಿಂದ ಆ ನೋಟ್‌ಬುಕ್ಕನ್ನು ತಾವೇ ಹರಿದುಹಾಕಿ ನಮ್ಮ ಹತ್ತಿರ ಬಂದರು. ನಾವು ಅವರಿಗೆ ಮೊದಲೇ ಮಾಡಿಕೊಟ್ಟಿದ್ದ ಸಣ್ಣ ಸೈಟಿಗೆ ಸೇರಿಸಿ ಒಂದು ಗುಟ್ಟಿನ ಪುಟ ಮಾಡಿಕೊಟ್ಟೆವು. ಅದಕ್ಕೆ ಬೇರೆಯದೇ ಹೆಸರು, ಪಾಸ್‌ವರ್ಡ್. ಹೆಸರು ಗೊತ್ತಿದ್ದದ್ದು ಅವರಿಗೆ, ನಮಗೆ, ನಗರದ ಒಂದು ರಕ್ತನಿಧಿಯವರಿಗೆ.

ಪುಟ ಕೊಟ್ಟ ದಿನ ನಾನು ಹೇಳಿದ್ದೆ, "ಮೇಡಂ, ತಿಂಗಳಿಗೊಂದ್ಸಲ ತೆಗೆದು ನೋಡ್ತಿರಿ. ಸರಿಯಾಗಿದೆಯಾ ಅಂತ ಗೊತ್ತಾಗುತ್ತೆ."

ಅವರು ನನ್ನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದರು. "ಸುಮ್ಸುಮ್ನೆ ಯಾಕಪ್ಪ ತೆಗೀಬೇಕು? ಅದನ್ನ ತೆಗೆಯೋದು ಅಂದ್ರೆ ಯಾರಿಗೋ ಪ್ರಾಣಕ್ಕೆ ಬಂದಿದೆ ಅಂತ. ಅಂಥಾದ್ದನ್ನ ನಾವಾಗಿ ಕರೆಯೋದಾ?"

"ಮೇಡಂ, ನೀವು ಸೈನ್ಸ್ ಟೀಚರ್ರು..."

"ಸೈನ್ಸ್ ಟೀಚರ್ರೇ ಕಣಪ್ಪ. ನನ್ ತಂಗಿ ಹೋಗಿದ್ದೂ ಸೈನ್ಸೇ. ನೀವೂ ತೆಗೀಬೇಡಿ. ಬ್ಲಡ್ ಬ್ಯಾಂಕಿನೋರಿಗೂ ಹೇಳಿದೀನಿ. ಬೇಕಾದ ದಿನ ತೆಗೀಲಿ, ಅಲ್ಲೀವರ್ಗೂ ಮುಚ್ಚಿರ್ಲಿ."

ಎಲ್ಲರೂ ಅವರ ಮಾತು ಕೇಳಿದೆವು. ರಕ್ತನಿಧಿಯ ಕಂಪ್ಯೂಟರಿನಲ್ಲಿ ಆ ಹೆಸರನ್ನು ಉಳಿಸಿಟ್ಟ ಬುಕ್‌ಮಾರ್ಕ್ ಗುರುತಿನ ಮೇಲೆ ಅಲ್ಲಿನವರು ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ, ಅಷ್ಟು ಭಯಭಕ್ತಿಯಿಂದ ಮುಟ್ಟದೆ ಬಿಟ್ಟಿದ್ದರು. ಹಾಗಾಗಿ ಆ ಹೆಸರನ್ನು ಯಾರೂ ಕೇಳಲಿಲ್ಲ. ಹತ್ತು ದಿನ, ಐವತ್ತು ದಿನ, ತೊಂಬತ್ತು ದಿನ.

ಶನಿವಾರ ಬೆಳಿಗ್ಗೆ ನಾನು ಹಾಲಿನ ಬೂತಿನ ಮುಂದೆ ಕ್ಯೂನಲ್ಲಿದ್ದೆ. ಫೋನಿಗೆ ಏಜೆಂಟಿನ ಸಂದೇಶ ಬಂತು. ತೊಂಬತ್ತು ದಿನ ಯಾರೂ ಕೇಳದ ಹದಿನಾಲ್ಕು ಹೆಸರುಗಳಿವೆ, ತೆಗೆದುಹಾಕಬಹುದೇ ಎಂದು ಕೇಳಿತ್ತು. ಕೆಳಗೆ ಹದಿನಾಲ್ಕು ಸಾಲು. ಮೇಡಂ ಪುಟದ ಹೆಸರು ಆರನೆಯದು. ನಾನು ಆ ಸಂದೇಶವನ್ನು ತೆರೆದದ್ದು ಏಳು ನಲವತ್ತೆರಡಕ್ಕೆ ಎಂದು ಫೋನ್ ಹೇಳುತ್ತದೆ. "ಆಗಲಿ, ತೆಗೆ" ಎಂದು ಉತ್ತರ ಕೊಟ್ಟದ್ದೂ ಏಳು ನಲವತ್ತೆರಡಕ್ಕೇ. ಓದಿದೆನೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ಸಾಲು ಮುಚ್ಚಿದ ಹೋಟೆಲಿನದು, ಅದು ನೆನಪಿದೆ. ಎರಡನೆಯದು ಮದುವೆಯ ಪುಟ, ಅದೂ ನೆನಪಿದೆ. ಮೂರನೆಯದರಿಂದ ಮುಂದಕ್ಕೆ ನನ್ನ ತಲೆಯಲ್ಲಿ ಏನೂ ಇಲ್ಲ. ಹಿಂದಿನವನು, "ಮುಂದೆ ನಡೀರಿ ಸಾರ್," ಎಂದದ್ದು ನೆನಪಿದೆ.

ಮೊದಲ ತಿಂಗಳು ಇಂಥ ಪಟ್ಟಿಯನ್ನು ನಾವಿಬ್ಬರೂ ಕೂತು ಒಂದೊಂದಾಗಿ ನೋಡುತ್ತಿದ್ದೆವು. ಒಂದೂ ತಪ್ಪು ಸಿಗಲಿಲ್ಲ. ಆಮೇಲೆ ನಾನೊಬ್ಬನೇ ನೋಡಿದೆ. ಆಮೇಲೆ ನಿಂತುಕೊಂಡು ನೋಡತೊಡಗಿದೆ.

ಮಂಗಳವಾರ ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ರಕ್ತನಿಧಿಯ ಟೆಕ್ನಿಷಿಯನ್ ನನಗೆ ಫೋನ್ ಮಾಡಿದರು. ಅವರನ್ನು ಅದುವರೆಗೆ ನೋಡಿರಲಿಲ್ಲ. ಬೋಗಾದಿ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಬೆಳಿಗ್ಗೆ ಒಬ್ಬಳಿಗೆ ಹೆರಿಗೆಯಾಗಿದೆ, ಮಗು ಚೆನ್ನಾಗಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಓ ಎಂದು ಬರೆದುಕೊಂಡು ಬಂದ ಸ್ಯಾಂಪಲ್ ಯಾವ ಚೀಲದ ರಕ್ತಕ್ಕೂ ಹೊಂದುತ್ತಿಲ್ಲ. ಇವರಿಗೆ ಅನುಮಾನ ಬಂದು ಮತ್ತೊಂದು ಪರೀಕ್ಷೆ ಮಾಡಿದ್ದಾರೆ. ಬಾಂಬೆ ಗ್ರೂಪು.

"ಮೇಡಂ ಅವ್ರ ಪೇಜ್ ಓಪನ್ ಆಗ್ತಿಲ್ಲ ಸಾರ್. ಇಂಥ ಸೈಟೇ ಇಲ್ಲ ಅಂತ ಬರ್ತಿದೆ. ನಮ್ ಇಂಟರ್ನೆಟ್ಟೇ ಸರಿಯಿಲ್ವೇನೋ ಅಂದ್ಕೊಂಡು ಮೋಡೆಮ್ಮೆಲ್ಲ ಆಫ್ ಮಾಡಿ ಆನ್ ಮಾಡ್ದೆ. ಕಾಲು ಗಂಟೆ ಹೋಯ್ತು. ಮೇಡಂಗೆ ಫೋನ್ ಮಾಡಿದ್ರೆ ತೆಗೀತಿಲ್ಲ."

ಮೇಡಂ ಆ ಹೊತ್ತಿಗೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಪರೇಷನ್ ಟೇಬಲ್ಲಿನ ಮೇಲಿದ್ದರು. ಅವರ ಫೋನು ಮಗಳ ಬ್ಯಾಗಿನಲ್ಲಿ ಸದ್ದು ನಿಲ್ಲಿಸಿಕೊಂಡು ಕೂತಿತ್ತು. ಅದು ನಮಗೆ ತಿಳಿದದ್ದು ಸಂಜೆ.

"ಒಂದ್ನಿಮಿಷ ಇರಿ, ನೋಡ್ತೀನಿ," ಎಂದೆ ಟೆಕ್ನಿಷಿಯನ್‌ಗೆ. ನನ್ನ ಧ್ವನಿ ಮಾಮೂಲಿನಂತೆಯೇ ಇತ್ತು. ಡೊಮೈನಿನ ಸಾಲುಗಳನ್ನು ತೆರೆದೆ. ಆ ಹೆಸರು ಇರಬೇಕಾದ ಜಾಗದಲ್ಲಿ ಮೇಲಿನ ಸಾಲೂ ಕೆಳಗಿನ ಸಾಲೂ ಒಂದಕ್ಕೊಂದು ಅಂಟಿಕೊಂಡಿದ್ದವು. ಪಾಲುದಾರ ನನ್ನ ಮುಖ ನೋಡಿ, "ಏನಾಯ್ತೋ?" ಎಂದ. ಹನ್ನೊಂದು ಹದಿನಾಲ್ಕಕ್ಕೆ ಆ ಸಾಲನ್ನು ಮತ್ತೆ ಸೇರಿಸಿದೆ, ಅವನಿಗೆ ಜಾಗ ಬಿಟ್ಟು ಎದ್ದು ನಿಂತೆ, "ಇದನ್ನ ನೋಡ್ತಿರು," ಎಂದೆ. ಹನ್ನೊಂದು ಹದಿನೇಳಕ್ಕೆ ಆ ಸಾಲು ಹೋಯಿತು.

ಆಮೇಲೆ ನನ್ನ ಫೋನಿನ ಮೇಲ್ಭಾಗದಲ್ಲಿ ಏಜೆಂಟಿನ ಸಂದೇಶ ಇಳಿಯಿತು. ಅದನ್ನು ನಾನು ಇವತ್ತಿಗೂ ಅಳಿಸಿಲ್ಲ: "ಒಪ್ಪಿಕೊಂಡ ಪಟ್ಟಿಯಲ್ಲಿಲ್ಲದ ಒಂದು ಸಾಲು ಕೈಯಿಂದ ಸೇರಿರುವುದು ಕಂಡುಬಂದಿದೆ. ನಿಯಮದ ಪ್ರಕಾರ ತೆಗೆದುಹಾಕಿದ್ದೇನೆ. ಬೇರೆ ಯಾವ ಸಮಸ್ಯೆಯೂ ಇಲ್ಲ." ನನ್ನದೇ ಮಾತು, ನನ್ನದೇ ಕನ್ನಡ. ಬಹಳ ವಿನಯವಾಗಿತ್ತು.

ಪಾಲುದಾರ ಎದ್ದು ಗೋಡೆಯ ಸ್ವಿಚ್ ಬೋರ್ಡಿನಿಂದ ಕಂಪ್ಯೂಟರಿನ ಪ್ಲಗ್ ಕಿತ್ತುಬಿಟ್ಟ. ಪರದೆ ಕಪ್ಪಾಯಿತು. ಕೈಯಲ್ಲಿ ಪ್ಲಗ್ ಹಿಡಿದುಕೊಂಡು ನಿಂತ ಅವನಿಗೆ ನಾನು, "ಅದು ಇಲ್ಲಿಲ್ಲ ಕಣೋ," ಎಂದೆ. ಅವನಿಗೂ ಅದು ಗೊತ್ತಿದ್ದದ್ದೇ. ಆ ಯಂತ್ರ ಇರುವ ಊರು ಯಾವುದೆಂದು ನಮ್ಮಿಬ್ಬರಲ್ಲಿ ಯಾರಿಗೂ ತಿಳಿಯದು. ಅದಕ್ಕೆ ಕೈ ಹಾಕಲು ನಮಗಿದ್ದ ಕಂಪ್ಯೂಟರನ್ನು ಅವನು ಈಗ ಆರಿಸಿದ್ದ.

"ಅಯ್ಯೋ, ಎಂಥ ಕೆಲ್ಸ ಮಾಡ್ಬುಟ್ಟೆ," ಎಂದು ಮತ್ತೆ ಪ್ಲಗ್ ಚುಚ್ಚಿದ. ಅದು ಎದ್ದು ಬರುವವರೆಗೆ ಕಾಯಬೇಕಾಯಿತು. ಏಜೆಂಟಿಗೆ ಕೊಟ್ಟ ಕೀಲಿಯನ್ನು ರದ್ದು ಮಾಡುವ ಪುಟಕ್ಕೆ ಹೋದೆ. ಅದು ನನ್ನ ಫೋನಿಗೆ ಒಂದು ಸಂಖ್ಯೆ ಕಳಿಸುತ್ತೇನೆ ಎಂದಿತು. ಸಂಖ್ಯೆ ಬರಲಿಲ್ಲ. ಫೋನಿನಲ್ಲಿ ಆ ಹೆಣ್ಣುಮಗಳು ಇನ್ನೂ ಲೈನಿನಲ್ಲಿದ್ದರು. ಅವರ ಹಿಂದೆ ಯಾರೋ ಗಂಡಸು ಏನೋ ಕೇಳುತ್ತಿದ್ದ, ಅವರು, "ನೋಡ್ತಿದೀವಿ ಕಣಪ್ಪ, ಕೂತ್ಕೋ," ಎನ್ನುತ್ತಿದ್ದರು. ಸಂಖ್ಯೆ ಬಂತು. ಕೀಲಿ ರದ್ದಾಯಿತು. ಹನ್ನೊಂದು ಇಪ್ಪತ್ತಮೂರಕ್ಕೆ ಸಾಲನ್ನು ಮತ್ತೆ ಹಾಕಿದೆ. ಪಾಲುದಾರ ಪರದೆಯ ಮೇಲೆ ಅದರ ಪಕ್ಕದಲ್ಲಿ ಬೆರಳಿಟ್ಟುಕೊಂಡು ಕೂತ. ಒಂದು ನಿಮಿಷ, ಎರಡು ನಿಮಿಷ. ಸಾಲು ಇತ್ತು.

"ಈಗ ನೋಡಿ," ಎಂದೆ ಫೋನಿನಲ್ಲಿ.

"ಇಲ್ಲ ಸಾರ್. ಅದೇ ಬರ್ತಿದೆ. ಸೈಟ್ ಇಲ್ಲ ಅಂತ."

ಯಾಕೆಂದು ನನಗೆ ಗೊತ್ತಿತ್ತು. ಒಂದು ಹೆಸರನ್ನು ಕೇಳಿದಾಗ ಇಲ್ಲ ಎಂಬ ಉತ್ತರ ಸಿಕ್ಕರೆ, ಆ ಇಲ್ಲವನ್ನೂ ಕಂಪ್ಯೂಟರುಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ನಾವು ಇಟ್ಟಿದ್ದ ಅವಧಿ ಒಂದು ಗಂಟೆ. ಅವರು ಅರ್ಧ ಗಂಟೆಯಿಂದ ಕೇಳಿ ಕೇಳಿ, ಇಲ್ಲ ಎಂಬುದು ಅಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ನಾನು ಅವರಿಗೆ ವಿವರಿಸತೊಡಗಿದೆ. ಹೌದು, ವಿವರಿಸತೊಡಗಿದೆ. ಮೊಬೈಲಿನಿಂದ ಪ್ರಯತ್ನಿಸಿ, ಅದರಲ್ಲೂ ಆಗದಿದ್ದರೆ ಸೆಟ್ಟಿಂಗ್ಸಿಗೆ ಹೋಗಿ, ಅಲ್ಲಿ ಇಂಥದ್ದನ್ನು ಒತ್ತಿ, ಎಂದು.

"ಸಾರ್," ಎಂದರು ಅವರು. ಅಳುತ್ತಿದ್ದರೋ ಸಿಟ್ಟಾಗಿದ್ದರೋ ತಿಳಿಯಲಿಲ್ಲ. "ನಿಮ್ ಸೈಟ್ ಕಟ್ಕೊಂಡು ನಂಗೇನ್ ಸಾರ್? ನಂಗೆ ನಂಬರ್ ಬೇಕು."

ಆಗ ಹನ್ನೊಂದು ಇಪ್ಪತ್ತಾರು. ಅವರು ಮೊದಲು ಫೋನ್ ಮಾಡಿ ಹದಿನೆಂಟು ನಿಮಿಷವಾಗಿತ್ತು.

ಪಟ್ಟಿ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದದ್ದು ಹೆಸರು. ಪಟ್ಟಿ ಇದ್ದ ಯಂತ್ರಕ್ಕೆ ನನ್ನ ಹತ್ತಿರ ಬೇರೆಯೇ ದಾರಿ ಇತ್ತು, ವಾರಕ್ಕೊಮ್ಮೆ ನಕಲು ತೆಗೆದಿಡಲು ನಾನು ಹೋಗುವ ದಾರಿ. ಆ ದಾರಿಗೆ ಯಾವ ಹೆಸರೂ ಬೇಡ. ಹನ್ನೊಂದು ಎಂಟಕ್ಕೇ ಅಲ್ಲಿಗೆ ಹೋಗಬಹುದಿತ್ತು, ಅರ್ಧ ನಿಮಿಷದ ಕೆಲಸ. ಒಬ್ಬಳು ಸಾಯುತ್ತಿದ್ದಾಳೆ ಎಂದು ಕೇಳಿದ ಮೇಲೂ ನಾನು ಹದಿನೆಂಟು ನಿಮಿಷ ಸಾಲನ್ನು ಸರಿಮಾಡುತ್ತ ಇದ್ದೆ. ನನ್ನ ಕೆಲಸ ಅದು, ಕೈ ಅಲ್ಲಿಗೇ ಹೋಯಿತು. ಏಜೆಂಟ್ ಮಾಡಿದ್ದಕ್ಕೆ ನನ್ನಲ್ಲಿ ವಿವರಣೆ ಇದೆ. ಇದಕ್ಕೆ ಇಲ್ಲ.

ಮೇಡಂಗೆ ಕೊಟ್ಟ ಮಾತು ಮೀರಿ ಆ ಪಟ್ಟಿಯನ್ನು ತೆರೆದೆ. ಏಳು ಜನ. ಹೆಸರು, ಊರು, ಫೋನು, ಕೊನೆಯ ಸಲ ರಕ್ತ ಕೊಟ್ಟದ್ದು ಯಾವಾಗ. ನಾನು ಓದಿದೆ, ಅವರು ಬರೆದುಕೊಂಡರು. ಮೊದಲ ಮೂರನ್ನು ಅವರು ನೋಡಿಕೊಳ್ಳುತ್ತೇನೆ ಎಂದರು, ಉಳಿದವನ್ನು ನಮಗೆ ಬಿಟ್ಟರು. ಪಾಲುದಾರ ತನ್ನ ಫೋನಿನಿಂದ ಕರೆ ಮಾಡಿದ. ನಾಲ್ಕನೆಯ ಫೋನ್ ಸ್ವಿಚ್ ಆಫ್ ಆಗಿತ್ತು. ಐದನೆಯವರು ತಮಿಳುನಾಡಿನಲ್ಲಿದ್ದರು. ಆರನೆಯವನು ಎತ್ತಿದ. ಹಿಂದೆ ಸಿಮೆಂಟ್ ಕಲಸುವ ಯಂತ್ರದ ಗಡಗಡ.

"ಅಣ್ಣ, ರಕ್ತ ಬೇಕಿತ್ತು. ನಿಮ್ದು ಬಾಂಬೆ ಗ್ರೂಪಂತೆ," ಎಂದ ಪಾಲುದಾರ.

"ಊಂ ಕಣಣ್ಣ, ಟೀಚರಮ್ಮ ಬರ್ಕೊಂಡಿದ್ರು. ಎಲ್ಲಿಗ್ ಬರ್ಬೇಕು?"

"ಎಲ್ಲಿದೀರಾ?"

"ಬೋಗಾದೀಲಿ. ಒಸ ಲೇಔಟ್‌ನಲ್ಲಿ ಗಾರೆ ಕೆಲ್ಸ. ಗಾಡಿ ಇಲ್ಲ, ಬಸ್ಸಲ್ಲಿ ಬಂದ್ಬುಡ್ತೀನಿ."

"ಬಸ್ ಬೇಡ, ಅಲ್ಲೇ ರೋಡಿಗ್ ಬಂದು ನಿಂತ್ಕೋ, ನಾನೇ ಬಂದೆ."

ಪಾಲುದಾರ ಹೆಲ್ಮೆಟ್ ಮರೆತು ಹೋದ. ನಾನು ಆಫೀಸಿಗೆ ಬೀಗ ಹಾಕಿ ನನ್ನ ಸ್ಕೂಟರಿನಲ್ಲಿ ರಕ್ತನಿಧಿಗೆ ಹೊರಟೆ. ಹೋಗಿ ಮಾಡುವುದೇನೂ ಇರಲಿಲ್ಲ. ಆದರೆ ಆ ಪರದೆಯ ಮುಂದೆ ಒಬ್ಬನೇ ಕೂರಲು ನನ್ನಿಂದಾಗಲಿಲ್ಲ. ಸಾಲು ಮತ್ತೆ ಹೋದರೆ ಎಂಬ ಭಯ. ಕೀಲಿ ರದ್ದಾಗಿದೆ, ಹೋಗಲಾರದು ಎಂದು ಗೊತ್ತಿದ್ದರೂ.

ರಕ್ತನಿಧಿಯ ಹೊರಗಿನ ಬೆಂಚಿನ ಮೇಲೆ ಮೂವತ್ತು ದಾಟದ ಒಬ್ಬ ಗಂಡಸು ಕೂತಿದ್ದ. ಅಂಗಿಯ ಜೇಬಿನಲ್ಲಿ ಆಸ್ಪತ್ರೆಯ ಚೀಟಿ ಮಡಿಸಿತ್ತು, ತೊಡೆಯ ಮೇಲೆ ಐಸ್ ತುಂಬಿದ ಪೆಟ್ಟಿಗೆ. ರಕ್ತ ಒಯ್ಯಲು ನರ್ಸಿಂಗ್ ಹೋಮಿನವರು ಕೊಟ್ಟು ಕಳಿಸಿದ್ದರು. ಆತ ಅವಳ ಗಂಡ. ಫೋನಿನಲ್ಲಿ ನಾನು ಕೇಳಿದ ಗಂಡಸಿನ ಧ್ವನಿ ಈತನದೇ. ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

"ನೀವೂ ರಕ್ತ ಕೊಡೋಕ್ ಬಂದ್ರಾ ಸಾರ್?"

"ಇಲ್ಲ. ನಂದು ಬೇರೆ ಗ್ರೂಪು."

"ನಮ್ದೂ ಬೇರೇನೇ. ಏನ್ ಮಾಡೋದು. ಏನೋ ಕಂಪ್ಯೂಟರ್ ಕೆಟ್ಟೋಗಿತ್ತಂತೆ ಇಲ್ಲಿ. ಈಗ ಸರಿ ಓಯ್ತಂತೆ." ಪೆಟ್ಟಿಗೆಯ ಮುಚ್ಚಳ ಒತ್ತಿ ನೋಡಿದ. "ಎಣ್ ಮಗು ಸಾರ್. ಅವ್ಳು ಇನ್ನೂ ನೋಡಿಲ್ಲ."

ನಾನು ಯಾರೆಂದು ಆತನಿಗೆ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಪಾಲುದಾರನ ಸ್ಕೂಟರ್ ಗೇಟಿನೊಳಗೆ ಬಂತು. ಹಿಂದೆ ಕೂತಿದ್ದವನ ಮೊಣಕೈವರೆಗೂ ಸಿಮೆಂಟ್ ಒಣಗಿ ಬೆಳ್ಳಗಾಗಿತ್ತು. ಅವನನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಟೆಕ್ನಿಷಿಯನ್ ತಾವೇ ಸೋಪು ಕೊಟ್ಟು ತೊಳೆಸಿದರು. ಚಿಕ್ಕ ಮೈಕಟ್ಟಿನ ಹೆಂಗಸು, ಕನ್ನಡಕ ಹಣೆಗೆ ಏರಿಸಿದ್ದರು. ನನ್ನನ್ನು ಯಾರೆಂದು ಕೇಳಲಿಲ್ಲ, ನೋಡಿದ ಕೂಡಲೇ ಅವರಿಗೆ ತಿಳಿಯಿತೆಂದು ಕಾಣುತ್ತದೆ. ಒಂದೇ ಮಾತು ಹೇಳಿದರು: "ಮೊದ್ಲನೇವ್ರು ಶ್ರೀರಂಗಪಟ್ಟಣದಿಂದ ಹೊರಟಿದಾರೆ. ಇವ್ರ ಕೈಲಿ ಮೊದ್ಲು ತಗೋತೀನಿ."

ಪರೀಕ್ಷೆ ಮುಗಿದು, ರಕ್ತ ಹೊಂದುತ್ತದೆಂದು ಖಚಿತವಾಗಿ, ಮೊದಲ ಚೀಲ ಪೆಟ್ಟಿಗೆಯೊಳಗೆ ಹೋದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಗಂಡ ಪೆಟ್ಟಿಗೆ ತಬ್ಬಿಕೊಂಡು ಆಟೋ ಹತ್ತಿದ. ರಕ್ತನಿಧಿಯವರು ಕೊಟ್ಟ ಬಿಸ್ಕತ್ತು ತಿನ್ನುತ್ತ ಗಾರೆಯವನು, "ಬದುಕ್ತಾಳಾ ಸಾರ್?" ಎಂದು ನನ್ನನ್ನು ಕೇಳಿದ. ಸಂಜೆ ಐದೂವರೆಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ನಾಲ್ಕು ಗಂಟೆ ನಲವತ್ತು ನಿಮಿಷ ನಾನೂ ಪಾಲುದಾರನೂ ಆ ಬೆಂಚಿನ ಮೇಲೆ ಕೂತಿದ್ದೆವು. ಅವನು ಒಂದು ಸಲ, "ನಾನೂ ಆ ನಿಯಮ ಓದಿ ಚೆನ್ನಾಗಿದೆ ಅಂದಿದ್ದೆ ಅಲ್ವಾ," ಎಂದ.

ಅವಳು ಬದುಕಿದಳು. ರಕ್ತಸ್ರಾವ ನಿಲ್ಲಿಸಲು ಗರ್ಭಕೋಶ ತೆಗೆಯಬೇಕಾಯಿತು.

ಕೆಲವು ದಿನ ಬಿಟ್ಟು ನಾನು ಆ ನರ್ಸಿಂಗ್ ಹೋಮಿನ ವೈದ್ಯೆಯ ಬಳಿ ಹೋದೆ. ನಾನು ಯಾರು, ಏನಾಯಿತು ಎಂದು ನಿಮಿಷ ನಿಮಿಷವಾಗಿ ಹೇಳಿದೆ. ಹದಿನೆಂಟು ನಿಮಿಷ ಮೊದಲೇ ರಕ್ತ ಬಂದಿದ್ದರೆ, ಅಥವಾ ಅವರು ಮೋಡೆಮ್ ಆರಿಸಿ ಹಚ್ಚುತ್ತಿದ್ದ ಕಾಲು ಗಂಟೆಯನ್ನೂ ಸೇರಿಸಿದರೆ, ಆ ಆಪರೇಷನ್ ತಪ್ಪುತ್ತಿತ್ತೇ ಎಂದು ಕೇಳಿದೆ. ಅವರು ಅವಳ ಫೈಲ್ ತೆಗೆದು ನೋಡಿದರು. "ತಪ್ತಿತ್ತು ಅಂತಾನೂ ಹೇಳೋಕಾಗಲ್ಲ, ತಪ್ತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ," ಎಂದರು. "ನೀವು ಯಾವ ಉತ್ತರ ಬೇಕು ಅಂತ ಬಂದ್ರಿ?"

ಮೇಡಂ ಮನೆಗೂ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

"ಪಟ್ಟಿ ತೆಗೆದು ಓದಿದೆಯಾ?"

"ಓದ್ದೆ ಮೇಡಂ. ನಿಮಗೆ ಮಾತು ಕೊಟ್ಟಿದ್ದೆ..."

"ಅದಕ್ಕಲ್ಲ ಕೇಳಿದ್ದು. ಅದನ್ನ ಮೊದ್ಲು ಮಾಡ್ಬೇಕಿತ್ತು," ಎಂದರು. ಬೈಯಲಿಲ್ಲ. ಉತ್ತರಪತ್ರಿಕೆಯಲ್ಲಿ ತಪ್ಪಿಗೆ ಗೆರೆ ಎಳೆದಂತೆ ಇತ್ತು ಮಾತು. ಆಮೇಲೆ, "ನನ್ ತಪ್ಪೂ ಇದೆ ಕಣಪ್ಪ. ನೀನು ಹೇಳಿದಂಗೆ ತಿಂಗಳಿಗೊಂದ್ಸಲ ತೆಗೆದು ನೋಡಿದ್ರೆ ಸತ್ತಿಲ್ಲ ಅಂತ ಅದಕ್ಕಾದ್ರೂ ಗೊತ್ತಾಗ್ತಿತ್ತು," ಎಂದರು. ಆ ದಿನವೇ ಏಳು ಹೆಸರನ್ನೂ ಮಗಳ ಕೈಯಲ್ಲಿ ಮೂರು ಕಾಗದದ ಮೇಲೆ ಬರೆಸಿದರು. ಒಂದು ರಕ್ತನಿಧಿಯ ಬೀರುವಿಗೆ ಹೋಯಿತು, ಒಂದು ಅವರ ಹತ್ತಿರ ಇದೆ. ಮೂರನೆಯದನ್ನು ನನಗೆ ಕೊಟ್ಟರು. ಬೇಡವೆನ್ನಲು ಧೈರ್ಯ ಬರಲಿಲ್ಲ. ಆದರೆ ಆ ಪುಟವನ್ನು ಸುಮ್ಮನೆ ತೆರೆದು ನೋಡಲು ಅವರ ಕೈಗೆ ಈಗಲೂ ಆಗುವುದಿಲ್ಲ. ಅದನ್ನು ಪ್ರತಿ ತಿಂಗಳ ಮೊದಲ ದಿನ ನಾನು ಮಾಡುತ್ತೇನೆ. ಒತ್ತುವ ಮೊದಲು ಬೆರಳು ನಿಲ್ಲುತ್ತದೆ.

ಏಜೆಂಟನ್ನು ನಾವು ಬಿಟ್ಟಿಲ್ಲ. ಕೆಲಸ ಅಷ್ಟಿದೆ, ಬಿಡಲಾಗುವುದಿಲ್ಲ. ಈಗ ಅದಕ್ಕೆ ಕೊಟ್ಟಿರುವುದು ನೋಡಲು ಮಾತ್ರ ಬರುವ ಕೀಲಿ. ಅದು ಹೇಳುತ್ತದೆ, ನಾವು ಕೈಯಿಂದ ಮಾಡುತ್ತೇವೆ. ಬೆಳಿಗ್ಗೆ ಅದರ ಪಟ್ಟಿ ಬರುತ್ತದೆ. ಅದನ್ನು ಮುದ್ರಿಸಿ, ಮೇಜಿನ ಮುಂದೆ ಕೂತು, ಒಂದೊಂದು ಸಾಲಿನ ಕೆಳಗೂ ಅಳತೆಪಟ್ಟಿ ಇಟ್ಟುಕೊಂಡು ಓದುತ್ತೇನೆ. ಆರನೆಯ ಸಾಲಿಗೆ ಬಂದಾಗ, ಅಲ್ಲಿ ಇರುವುದು ಏನೇ ಆಗಲಿ, ಎರಡು ಸಲ ಓದುತ್ತೇನೆ. ಪಾಲುದಾರ ಅದನ್ನು ನೋಡುತ್ತಾನೆ. ಗುಮಾಸ್ತ ಎಂಬ ಮಾತು ಅವನ ಬಾಯಲ್ಲಿ ಆಮೇಲೆ ಬಂದಿಲ್ಲ.

ಇದನ್ನು ಕಂಡ ಬೇರೆಯವರು ಇದ್ದಾರೆ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲರು. ಸಾಲು ಹೋದದ್ದನ್ನು ಕಣ್ಣಾರೆ ಕಂಡ ನನ್ನ ಪಾಲುದಾರ ಇದ್ದಾನೆ, ನನ್ನ ಎದುರಿನ ಮೇಜಿನಲ್ಲೇ ಕೂರುತ್ತಾನೆ. ಅಷ್ಟು ಹೊತ್ತೂ ಲೈನಿನಲ್ಲಿದ್ದ ಟೆಕ್ನಿಷಿಯನ್ ಇದ್ದಾರೆ, ಈಗ ಮಂಡ್ಯಕ್ಕೆ ವರ್ಗವಾಗಿದ್ದಾರೆ. ಗಾರೆಯವನು ಇದ್ದಾನೆ, ಬೋಗಾದಿಯ ಕೆಲಸ ಮುಗಿದು ಬೇರೆ ಕಡೆ ಹೋಗಿದ್ದಾನೆ, ಎರಡು ಸಲ ಮತ್ತೆ ರಕ್ತ ಕೊಟ್ಟಿದ್ದಾನೆ. ಬೆಂಚಿನ ಮೇಲೆ ನನಗೆ ಜಾಗ ಕೊಟ್ಟ ಗಂಡ ಇದ್ದಾನೆ, ಪಕ್ಕದಲ್ಲಿ ಕೂತವನು ಯಾರೆಂದು ಆತನಿಗೆ ಇದನ್ನು ಬರೆಯುವ ಹೊತ್ತಿನವರೆಗೂ ತಿಳಿದಿಲ್ಲ. ಅವಳು ಇದ್ದಾಳೆ. ಇನ್ನೊಂದು ಮಗು ಅವಳಿಗೆ ಆಗುವುದಿಲ್ಲ. ಆ ಹೆಣ್ಣುಮಗು ಇದೆ.